ನಾಲ್ಕು ಸಾಲಿನ ಮೆನು: ಸಪ್ತಾಪುರದ ನನ್ನ ಹಾಟ್ ಡಾಗ್ ಗಾಡಿ

ಧಾರವಾಡದ ಸಪ್ತಾಪುರದಲ್ಲಿ ನನ್ನ ಹಾಟ್ ಡಾಗ್ ಗಾಡಿ ಇದೆ. ಬೋರ್ಡಿನ ಮೇಲೆ ಇರುವುದು ನಾಲ್ಕೇ ಸಾಲು: ಚಿಕನ್ ಸಾದಾ, ಚಿಕನ್ ಖಾರ, ಮಿರ್ಚಿ, ಪನೀರ್. ಹೊಸಬರು ನೋಡಿ "ಇಷ್ಟ ಏನ್ರಿ?" ಅಂತಾರೆ. ಆಚೀಚೆ ಗಾಡಿಗಳಲ್ಲಿ ಎಗ್ ರೈಸು, ಗೋಬಿ, ನೂಡಲ್ಸು, ಕಬಾಬು ಅಂತ ಮೇಲಿಂದ ಕೆಳಗಿನ ತನಕ ಬರೆದಿರುತ್ತಾರಲ್ಲ, ಅದಕ್ಕೆ. ಇಂಥದ್ದೊಂದು ಗಾಡಿ ಹಾಕಬೇಕು, ಮೆನು ಹೇಗೆ ಮಾಡಿದಿರಿ ಅಂತ ಹುಬ್ಬಳ್ಳಿ, ಗದಗ ಕಡೆಯವರು ಆಗಾಗ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೆನು ಬರೆಯಲು ಕೂತಾಗ ನಾನು ಮೊದಲು ನೋಡಿದ್ದು ರುಚಿಯನ್ನಲ್ಲ, ಗಾಡಿಯನ್ನು. ಎರಡು ಒಲೆ, ಒಂದು ಐಸ್ ಬಾಕ್ಸ್, ಎರಡು ಕೈ. ಸಪ್ತಾಪುರ ಅಂದರೆ ಕೋಚಿಂಗ್ ಕ್ಲಾಸು, ಪಿಜಿ, ಮೆಸ್ಸು. ಬಾಗಲಕೋಟೆ, ವಿಜಯಪುರ, ರಾಯಚೂರು, ಕೊಪ್ಪಳದಿಂದ ಪರೀಕ್ಷೆಗೆ ಓದಲು ಬಂದ ಹುಡುಗರು, ಹುಡುಗಿಯರು. ಸಂಜೆ ಕ್ಲಾಸ್ ಬಿಟ್ಟರೆ ಎಲ್ಲರೂ ಒಮ್ಮೆಲೇ ಬರುತ್ತಾರೆ, ತಿಂದು ಲೈಬ್ರರಿಗೆ ಓಡುತ್ತಾರೆ. ಕಾಯುವ ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಆರ್ಡರ್ ಕೊಟ್ಟ ಮೂರು ನಿಮಿಷದೊಳಗೆ ಕೈಗೆ ಸಿಗುವುದು ಮಾತ್ರ ಬೋರ್ಡಿನ ಮೇಲೆ ಇರಬೇಕು ಅಂದುಕೊಂಡೆ. ಇನ್ನೊಂದು ನಿಯಮ: ಒಂದೇ ಐಟಂಗೆ ಬೇಕಾಗುವ ಸಾಮಾನು ಗಾಡಿ ಹತ್ತಬಾರದು. ಫ್ರೆಂಚ್ ಫ್ರೈಸ್‌ಗೆ ಬೇರೆ ಕಡಾಯಿ, ಬೇರೆ ಎಣ್ಣೆ ಬೇಕು, ಬೇಡ. ಮೋಮೋಗೆ ಸ್ಟೀಮರ್ ಬೇಕು, ಅದೂ ಬೇಡ. ಇಷ್ಟಕ್ಕೇ ಅರ್ಧ ಪಟ್ಟಿ ಖಾಲಿಯಾಯಿತು.

ಬನ್ನಿನದು ಸ್ವಲ್ಪ ಓಡಾಟದ ಕೆಲಸ. ನಮ್ಮ ಬೇಕರಿಗಳಲ್ಲಿ ದುಂಡನೆಯ ಸಿಹಿ ಬನ್ನು, ಪಾವ್ ಬೇಕಾದಷ್ಟು ಸಿಗುತ್ತವೆ. ಉದ್ದನೆಯ ಬನ್ನು ಹೇಳಿ ಮಾಡಿಸಬೇಕು. ದಿನಾ ಇಷ್ಟು ಅಂತ ಖಾತ್ರಿ ಕೊಟ್ಟರೆ ಮಾತ್ರ ಬೇಕರಿಯವರು ಒಪ್ಪುತ್ತಾರೆ. ಆರು ಇಂಚು ಉದ್ದ, ಸಕ್ಕರೆ ಕಡಿಮೆ. ಈ ಒಂದೇ ಬನ್ನು ನಾಲ್ಕೂ ಸಾಲಿಗೆ ಆಗಬೇಕು, ಇಲ್ಲದಿದ್ದರೆ ರಾತ್ರಿ ಒಂದು ನಮೂನೆ ಉಳಿದು ಇನ್ನೊಂದು ಸಾಲದೆ ಬರುತ್ತದೆ.

ಇನ್ನು ಸಾಸೇಜ್. ಫ್ರೋಜನ್ ಚಿಕನ್ ಸಾಸೇಜ್ ತರುತ್ತೇನೆ, ಮನೆಯ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇರುತ್ತದೆ. ಮಾರನೇ ದಿನಕ್ಕೆ ಬೇಕಾದಷ್ಟನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಖಾನೆಗೆ ಇಳಿಸುತ್ತೇನೆ. ಹೊರಗೆ ಬಿಸಿಲಿನಲ್ಲಿಟ್ಟು ಕರಗಿಸುವುದಿಲ್ಲ. ನ್ಯೂಯಾರ್ಕಿನ ಗಾಡಿಗಳಲ್ಲಿ ಸಾಸೇಜನ್ನು ಬಿಸಿನೀರಿನಲ್ಲೇ ಇಟ್ಟಿರುತ್ತಾರೆ, ಕೇಳಿದ ಕೂಡಲೇ ತೆಗೆದು ಬನ್ನಿಗೆ ಇಡುತ್ತಾರೆ. ನಮ್ಮ ಕಡೆ ಹಾಗೆ ಬಿಳಿಚಿಕೊಂಡಿದ್ದು ಕೊಟ್ಟರೆ "ಇನ್ನೂ ಬೆಂದಿಲ್ಲ ನೋಡ್ರಿ" ಅಂತ ವಾಪಸ್ ಕೊಡುತ್ತಾರೆ. ಅದಕ್ಕೆ ಎರಡೂ ಮಾಡುತ್ತೇನೆ. ಮೊದಲ ಒಲೆಯ ಮೇಲೆ ಹಬೆಯಾಡುವ, ಆದರೆ ಕುದಿಯದ ನೀರು. ಕುದಿಸಿದರೆ ಸಾಸೇಜ್ ಒಡೆಯುತ್ತದೆ, ರುಚಿಯೆಲ್ಲ ನೀರಿಗೆ ಹೋಗುತ್ತದೆ. ಅಲ್ಲಿಂದ ತೆಗೆದು ಉದ್ದಕ್ಕೆ ನಡುವೆ ಚಾಕು ಹಾಕುತ್ತೇನೆ, ಪೂರ್ತಿ ಕತ್ತರಿಸುವುದಿಲ್ಲ. ಪುಸ್ತಕದ ಹಾಗೆ ಬಿಚ್ಚಿ, ಕೊಯ್ದ ಮುಖ ಕೆಳಗೆ ಮಾಡಿ ತವಾ ಮೇಲೆ ಒತ್ತುತ್ತೇನೆ. ಅಂಚು ಕೆಂಪಗಾಗಿ ಸ್ವಲ್ಪ ಮುರುಟಿಕೊಳ್ಳುತ್ತದೆ. ಬೇಗ ಕಾಯುತ್ತದೆ, ಬನ್ನಿನ ತುಂಬ ಅಗಲವಾಗಿ ಕಾಣುತ್ತದೆ, ಮೇಲೆ ಹಾಕಿದ ಚಟ್ನಿ ಜಾರುವುದಿಲ್ಲ. ಸಣ್ಣ ಸಾಸೇಜ್ ಹಾಗೇ ಇಟ್ಟರೆ ಬನ್ನಿನೊಳಗೆ ಎಲ್ಲಿದೆ ಅಂತ ಹುಡುಕಬೇಕಾಗುತ್ತದೆ, ಗಿರಾಕಿಗೂ ಮೋಸ ಹೋದ ಹಾಗೆ ಅನಿಸುತ್ತದೆ. ಚಿಕನ್ ಒಳಗೆ 74 ಡಿಗ್ರಿ ಮುಟ್ಟಬೇಕು. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ, ದೊಡ್ಡ ಖರ್ಚಲ್ಲ.

ಸಾದಾ ಮತ್ತು ಖಾರ ಬೋರ್ಡಿನ ಮೇಲೆ ಎರಡು ಸಾಲು, ಕೆಲಸ ಮಾತ್ರ ಒಂದೇ. ಸಾದಾಕ್ಕೆ ಬೆಣ್ಣೆ, ಮಯೋನೀಸ್, ಕೆಚಪ್, ಈರುಳ್ಳಿ. ಖಾರಕ್ಕೆ ಕೆಚಪ್ ಬದಲು ರಂಜಕ, ಅಂದರೆ ಹಣ್ಣು ಮೆಣಸಿನಕಾಯಿಯ ಚಟ್ನಿ. ಶಿಕಾಗೊದವರು ಹಾಟ್ ಡಾಗಿಗೆ ಸಾಸಿವೆ ಸಾಸು, ಈರುಳ್ಳಿ, ಟೊಮ್ಯಾಟೊ, ಉಪ್ಪಿನಕಾಯಿ ಎಲ್ಲ ಹಾಕಿ ಕೆಚಪ್ ಒಂದನ್ನೇ ದೂರ ಇಡುತ್ತಾರೆ. ಇಲ್ಲಿ ಕೆಚಪ್ ಇಲ್ಲ ಅಂದರೆ ಗಾಡಿ ಮುಚ್ಚಬೇಕಾದೀತು. ಸಾಸಿವೆ ಸಾಸನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಇಡಲಿಲ್ಲ.

ರಂಜಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ನನ್ನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಹಣ್ಣು ಮೆಣಸಿನಕಾಯಿ ಬರುವ ಚಳಿಗಾಲದಲ್ಲಿ ಬೆಳ್ಳುಳ್ಳಿ, ಉಪ್ಪು, ಮೆಂತೆ, ಲಿಂಬೆರಸ ಹಾಕಿ ಮನೆಯಲ್ಲೇ ರುಬ್ಬುತ್ತೇವೆ. ಬ್ಯಾಡಗಿ ಕಾಯಿಯೇ ಬೇಕು. ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಹಾವೇರಿ ಜಿಲ್ಲೆಯ ಈ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದು ಅನ್ನುವ ಸರ್ಕಾರಿ ಗುರುತು) ಸಿಕ್ಕಿದ್ದೂ ಈ ಗುಣಗಳಿಂದಲೇ ಅಲ್ವಾ? 2024ರಲ್ಲಿ ರಾಜ್ಯ ಸರ್ಕಾರ ಮೊದಲು ಗೋಬಿಗೆ, ಆಮೇಲೆ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ನಿಷೇಧಿಸಿತು. ರಂಜಕ ಇದ್ದರೆ ಆ ತಲೆನೋವೇ ಇಲ್ಲ. ಆದರೆ ಮನೆಯ ರಂಜಕ ಸೀದಾ ಬಾಟಲಿಗೆ ತುಂಬಬೇಡಿ. ಬೀಜ ಮೂತಿಗೆ ಸಿಕ್ಕಿಕೊಳ್ಳುತ್ತದೆ, ಒತ್ತಿದರೆ ಮುಚ್ಚಳ ಹಾರಿ ಗಿರಾಕಿಯ ಅಂಗಿ ಕೆಂಪಾಗುತ್ತದೆ. ದೊಡ್ಡ ಕಣ್ಣಿನ ಜರಡಿಯಲ್ಲಿ ಸೋಸಿ, ಅರ್ಧಕ್ಕರ್ಧ ಮಯೋನೀಸ್ ಬೆರೆಸಿ ತುಂಬುತ್ತೇನೆ. ಮಯೋನೀಸ್ ಕಂಪನಿಯದೇ, ತತ್ತಿ ಇಲ್ಲದ್ದು. ಮನೆಯಲ್ಲಿ ಹಸಿ ತತ್ತಿ ಒಡೆದು ಮಾಡಿ ರಸ್ತೆಯಲ್ಲಿ ಇಡುವ ಧೈರ್ಯ ನನಗಿಲ್ಲ. ತೆಲಂಗಾಣದಲ್ಲಿ 2024ರಲ್ಲಿ ಅದನ್ನು ನಿಷೇಧಿಸಿದ್ದು ಸುಮ್ನೆ ಅಲ್ಲ.

ಮೂರನೆಯದು ಮಿರ್ಚಿ. ಹಾಟ್ ಡಾಗ್ ಗಾಡಿಯಲ್ಲಿ ಶಾಕಾಹಾರಿಗಳಿಗೆ ಏನು ಅನ್ನುವುದು ನಮ್ಮೂರಲ್ಲಿ ದೊಡ್ಡ ಪ್ರಶ್ನೆ. ನಾಲ್ಕು ಜನ ಗೆಳೆಯರು ಬಂದರೆ ಒಬ್ಬಿಬ್ಬರು ತಿನ್ನುವುದಿಲ್ಲ, ಅವರಿಗೆ ಏನೂ ಇಲ್ಲ ಅಂದರೆ ನಾಲ್ವರೂ ಹೋಗುತ್ತಾರೆ. ವೆಜ್ ಸಾಸೇಜ್ ತಂದು ನೋಡಿದವರು ಇದ್ದಾರೆ, ದುಬಾರಿ, ರುಚಿಯೂ ಅಷ್ಟಕ್ಕಷ್ಟೇ. ಉದ್ದನೆಯ ಬನ್ನಿಗೆ ಉದ್ದನೆಯ ಮಿರ್ಚಿ ಭಜಿ ಇರುವಾಗ ಅದೆಲ್ಲ ಯಾಕೆ ಬೇಕು? ನಾನು ಕರಿಯುವುದಿಲ್ಲ. ಪಕ್ಕದ ಗಿರ್ಮಿಟ್ ಗಾಡಿಯವರಿಂದ ಬಿಸಿಬಿಸಿ ತೆಗೆದುಕೊಳ್ಳುತ್ತೇನೆ, ರಾತ್ರಿ ಲೆಕ್ಕ ಚುಕ್ತಾ. ಅವರಿಗೆ ವ್ಯಾಪಾರ, ನನಗೆ ಕಡಾಯಿ ಉಳಿಯಿತು. ಬನ್ನಿಗೆ ಬೆಣ್ಣೆ ಸವರಿ, ಅದರ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಬೇಕು. ಬೆಣ್ಣೆಗೆ ಪುಡಿ ಅಂಟಿಕೊಳ್ಳುತ್ತದೆ, ಭಜಿಯ ಎಣ್ಣೆಯನ್ನೂ ಅದೇ ಹೀರುತ್ತದೆ, ಬನ್ನು ಮೆತ್ತಗಾಗುವುದಿಲ್ಲ. ಮೇಲೆ ಹಸಿ ಈರುಳ್ಳಿ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಏರಿದಾಗ ಅರ್ಧ ಎಲೆಕೋಸು ಸೇರಿಸುತ್ತೇನೆ, ಕೇಳಿದರೆ ಹೇಳಿಬಿಡುತ್ತೇನೆ.

ಪನೀರ್ ಇರುವುದು ಖಾರ ಒಲ್ಲದವರಿಗೆ. ಬೆರಳುದ್ದ ಕತ್ತರಿಸಿದ ಎರಡು ತುಂಡು, ಹೆಂಚಿನ ಮೇಲೆ ಒಂದು ಸುತ್ತು. ಅದಕ್ಕೆ ಅಂತ ಎರಡನೇ ಒಲೆಯ ಮೇಲೆ ತವಾದ ಪಕ್ಕಕ್ಕೇ ಒಂದು ಸಣ್ಣ ಹೆಂಚು ಇಟ್ಟಿದ್ದೇನೆ, ಚಿಮಟವೂ ಬೇರೆ, ಹಿಡಿಕೆಗೆ ಹಸಿರು ಟೇಪು. ಶಾಕಾಹಾರಿ ಗಿರಾಕಿ ಬೋರ್ಡ್ ಓದುವುದಿಲ್ಲ, ಚಿಮಟ ನೋಡುತ್ತಾನೆ. ಸಾಮಾನಿನ ನಿಯಮವನ್ನು ನಾನು ಸಡಿಲಿಸಿದ್ದು ಇಲ್ಲೊಂದೇ ಕಡೆ.

ದರದ ಲೆಕ್ಕ ಹೀಗೆ. ಚಿಕನ್ನಿಗೆ ಬನ್ನು 8, ಸಾಸೇಜ್ 16, ಬೆಣ್ಣೆ, ಸಾಸು, ಈರುಳ್ಳಿ 8, ಕಾಗದ, ಗ್ಯಾಸ್ 4, ಒಟ್ಟು 36 ರೂಪಾಯಿ. ಮಾರುವುದು 70ಕ್ಕೆ. ಮಿರ್ಚಿಗೆ 24 ಬೀಳುತ್ತದೆ, 40ಕ್ಕೆ ಕೊಡುತ್ತೇನೆ. ಪನೀರ್ 60. ಚೀಸ್ ಬೇಕಾದರೆ 15 ಜಾಸ್ತಿ, ಅದು ಬೋರ್ಡಿನ ತುದಿಯಲ್ಲಿ ಸಣ್ಣಗೆ ಬರೆದಿದೆ. ಮಿರ್ಚಿಯಲ್ಲಿ ಲಾಭ ಕಡಿಮೆ ಅಂತ 50 ಮಾಡಲು ಹೇಳಿದವರಿದ್ದಾರೆ. ಮಾಡುವುದಿಲ್ಲ. ಮನೆಯಿಂದ ದುಡ್ಡು ತರಿಸಿಕೊಂಡು ಓದುವ ಹುಡುಗನಿಗೆ ತಿಂಗಳ ಕೊನೆಯಲ್ಲಿ ಜೇಬಿಗೆ ಆಗುವ ಒಂದು ಸಾಲು ಬೋರ್ಡಿನಲ್ಲಿ ಇರಬೇಕು. 1916ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ನೇಥನ್ ಹ್ಯಾಂಡ್‌ವರ್ಕರ್ ಹಾಟ್ ಡಾಗ್ ಅಂಗಡಿ ತೆರೆದಾಗ ತನ್ನ ಹಳೆಯ ಧಣಿ 10 ಸೆಂಟ್‌ಗೆ ಮಾರುತ್ತಿದ್ದ ಹಾಟ್ ಡಾಗನ್ನು 5 ಸೆಂಟ್‌ಗೆ ಕೊಟ್ಟೇ ಹೆಸರು ಮಾಡಿದ್ದು.

ಸೋಮವಾರ ಚಿಕನ್ ಓಡುವುದಿಲ್ಲ, ಶ್ರಾವಣ ಪೂರ್ತಿ ಓಡುವುದಿಲ್ಲ. ಆ ದಿನಗಳಲ್ಲಿ ಚಿಕನ್ ಸಾಲುಗಳ ಮೇಲೆ ಪಟ್ಟಿ ಅಂಟಿಸಿ, ಐಸ್ ಬಾಕ್ಸನ್ನು ಮನೆಯಲ್ಲೇ ಬಿಟ್ಟು, ಮಿರ್ಚಿ ಪನೀರ್ ಎರಡರಲ್ಲೇ ನಡೆಸುತ್ತೇನೆ. ಜಿಟಿಜಿಟಿ ಮಳೆಯಲ್ಲಿ ಮಿರ್ಚಿ ಚಿಕನ್ನಿಗಿಂತ ಜೋರು ಹೋಗುತ್ತದೆ, ಬನ್ನು ಮಾತ್ರ ಆಯಾ ದಿನದ್ದೇ ಇರಬೇಕು, ಆ ಹವೆಯಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ.

ಎಲ್ಲಕ್ಕಿಂತ ಗದ್ದಲ ಭಾನುವಾರ ರಾತ್ರಿ. ಮೆಸ್ ಬಂದ್ ಇರುತ್ತದೆ, ಎಲ್ಲರೂ ರಸ್ತೆಗೆ ಬರುತ್ತಾರೆ. ಅವತ್ತು ಹೊಸದೇನಾದರೂ ಸೇರಿಸಿ ಅಂತ ಗೆಳೆಯರು ಹೇಳುತ್ತಾರೆ. ನಾನು ಪನೀರನ್ನೂ ತೆಗೆಯುತ್ತೇನೆ. ನಾಲ್ಕರಲ್ಲಿ ನಿಧಾನ ಅದೇ. ಮೂರೇ ಸಾಲು ಇದ್ದರೆ ಕೈ ನಿಲ್ಲುವುದಿಲ್ಲ, ಗಿರಾಕಿಗಳ ಸಾಲೂ ನಿಲ್ಲುವುದಿಲ್ಲ.