ಉಸಿರು ನಿಲ್ಲಿಸಿ ಮೆದುಳಿನ ರಕ್ತದ ಹರಿವು ಅಳೆಯುವುದು: ನನ್ನ ಅನುಭವ

ಕುತ್ತಿಗೆಯ ಕ್ಯಾರೊಟಿಡ್ ರಕ್ತನಾಳ ಶೇ 80ರಷ್ಟು ಕಟ್ಟಿದೆ ಎಂಬ ರಿಪೋರ್ಟ್ ಹಿಡಿದು ಬರುವವರು ಮೊದಲು ಕೇಳುವುದು, ಆಪರೇಷನ್ ಬೇಕಾ ಅಂತ. ಅದನ್ನು ಡಾಕ್ಟರ್ ಹೇಳಬೇಕು. ಆ ಕಟ್ಟಿನ ಆಚೆ ಮೆದುಳಿಗೆ ರಕ್ತ ಹೇಗೆ ಸಿಗುತ್ತಿದೆ ಎಂದು ನೋಡಿ ತಿಳಿಸುವುದು ನನ್ನ ಕೆಲಸ. ಇಬ್ಬರಿಗೆ ಒಂದೇ ಪ್ರಮಾಣದ ಕಟ್ಟು ಇರಬಹುದು. ಒಬ್ಬರ ಮೆದುಳಿಗೆ ಬೇರೆ ದಾರಿಗಳಿಂದ ಬೇಕಾದಷ್ಟು ರಕ್ತ ಬರುತ್ತಿರುತ್ತದೆ. ಇನ್ನೊಬ್ಬರದು ಹೇಗೋ ತೂಗಿಸಿಕೊಂಡು ಹೋಗುತ್ತಿರುತ್ತದೆ. ಕುತ್ತಿಗೆಯ ಸ್ಕ್ಯಾನ್ ಒಂದರಲ್ಲೇ ಇದು ಗೊತ್ತಾಗುವುದಿಲ್ಲ.

ನಾನು ಬಳಸುವುದು ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್. ಅಂದರೆ ಬುರುಡೆಯ ಮೂಲಕ ಅಲ್ಟ್ರಾಸೌಂಡ್ ಕಳಿಸಿ, ಮೆದುಳಿನ ನಾಳಗಳಲ್ಲಿ ರಕ್ತ ಹರಿಯುವ ವೇಗ ಅಳೆಯುವುದು. ಟಿಸಿಡಿ ಅಂತೀವಿ. 1982ರಲ್ಲಿ ರೂನ್ ಆಸ್ಲಿಡ್ ಮತ್ತು ಜೊತೆಗಾರರು ತೋರಿಸಿಕೊಟ್ಟ ವಿಧಾನ. ಸೂಜಿ ಇಲ್ಲ, ಎಕ್ಸ್‌ರೇ ಇಲ್ಲ. ಕಿವಿಯ ಮುಂದೆ, ಕೆನ್ನೆ ಮೂಳೆಗಿಂತ ಸ್ವಲ್ಪ ಮೇಲೆ ಬುರುಡೆ ತೆಳ್ಳಗಿರುತ್ತದೆ. ಆ ಜಾಗಕ್ಕೆ 'ಕಿಟಕಿ' ಅಂತೀವಿ. ಅಲ್ಲಿ ಜೆಲ್ ಹಚ್ಚಿ 2 ಮೆಗಾಹರ್ಟ್ಸ್ ಪ್ರೋಬ್ ಇಡುತ್ತೇನೆ. ಸುಮಾರು 50ರಿಂದ 55 ಮಿಲಿಮೀಟರ್ ಆಳದಲ್ಲಿ ಮಿಡಲ್ ಸೆರೆಬ್ರಲ್ ಆರ್ಟರಿ, ಅಂದರೆ ಮೆದುಳಿನ ಒಂದು ದೊಡ್ಡ ರಕ್ತನಾಳ ಸಿಗುತ್ತದೆ. ಯಂತ್ರ ಹರಿವನ್ನು ಸದ್ದಾಗಿಯೂ ಕೇಳಿಸುವುದರಿಂದ, ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಕಟ್ಟು ಇಲ್ಲದ ಕಡೆ ಪ್ರತಿ ಬಡಿತವೂ ಚುರುಕಾಗಿ ಏರುತ್ತದೆ. ಕಟ್ಟಿದ ಕಡೆ ಅದೇ ಬಡಿತ ಮೆಲ್ಲಗೆ, ಮೊಂಡಾಗಿ ಏಳುತ್ತದೆ. ಇನ್ನೂ ಸ್ವಲ್ಪ ಆಳಕ್ಕೆ ಹೋಗಿ ಮೆದುಳಿನ ಮುಂಭಾಗಕ್ಕೆ ಹೋಗುವ ಆಂಟೀರಿಯರ್ ಸೆರೆಬ್ರಲ್ ನಾಳ ನೋಡುತ್ತೇನೆ. ಅಲ್ಲಿ ರಕ್ತ ಉಲ್ಟಾ ಹರಿಯುತ್ತಿದ್ದರೆ, ಆರೋಗ್ಯವಾಗಿರುವ ಬದಿಯಿಂದ ಈ ಬದಿಗೆ ಸಹಾಯ ಬರುತ್ತಿದೆ ಎಂದರ್ಥ.

ಇಷ್ಟು ಆದ ಮೇಲೆ ನನಗೆ ತುಂಬಾ ಮುಖ್ಯ ಅನಿಸುವ ಭಾಗ, ಉಸಿರು ನಿಲ್ಲಿಸುವ ಪರೀಕ್ಷೆ. ಉಸಿರು ನಿಂತರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗುತ್ತದೆ. ಆಗ ಮೆದುಳಿನ ಸಣ್ಣ ನಾಳಗಳು ಹಿಗ್ಗಿ, ದೊಡ್ಡ ನಾಳದಲ್ಲಿ ವೇಗ ಏರಬೇಕು. ಆ ಸಣ್ಣ ನಾಳಗಳು ರಕ್ತ ಸಾಲದೆ ಆಗಲೇ ಪೂರ್ತಿ ಹಿಗ್ಗಿಬಿಟ್ಟಿದ್ದರೆ ವೇಗ ಏರುವುದೇ ಇಲ್ಲ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಸೂಚನೆಯಲ್ಲೇ. 'ಉಸಿರು ಬಿಗಿಹಿಡಿಯಿರಿ' ಅಂದರೆ ಯಾರಾದರೂ ಎದೆ ತುಂಬಾ ಗಾಳಿ ಎಳೆದು ತಿಣುಕುತ್ತಾರೆ. ಎದೆಯೊಳಗಿನ ಒತ್ತಡ ಏರಿ, ವೇಗ ಮೊದಲು ಕೆಳಗಿಳಿಯುತ್ತದೆ. ಅದಕ್ಕೇ ನಾನು ಹೇಳುವುದು ಹೀಗೆ: 'ಮಾಮೂಲಿಯಾಗಿ ಉಸಿರಾಡ್ತಾ ಇರಿ. ನಾನು ಹೇಳಿದಾಗ ಅಲ್ಲೇ ಸುಮ್ನೆ ನಿಲ್ಲಿಸಿ.' ಮೊದಲು ಪ್ರೋಬ್ ಇಲ್ಲದೆ ಒಮ್ಮೆ ಮಾಡಿಸುತ್ತೇನೆ. ಆಮೇಲೆ 30 ಸೆಕೆಂಡು. ಆಗದಿದ್ದರೆ 20 ಆದರೂ ಸರಿ, ವೇಗ ಶೇಕಡಾ ಎಷ್ಟು ಏರಿತೋ ಅದನ್ನು, ಉಸಿರು ಎಷ್ಟು ಸೆಕೆಂಡು ಹಿಡಿದರೋ ಅಷ್ಟರಿಂದಲೇ ಭಾಗಿಸಬೇಕು. ಉಬ್ಬಸದವರಿಗೆ ಒತ್ತಾಯ ಮಾಡುವುದಿಲ್ಲ.

ಲೆಕ್ಕ ಸುಲಭ. ಸರಾಸರಿ ವೇಗ ಸೆಕೆಂಡಿಗೆ 40 ಸೆಂಟಿಮೀಟರ್‌ನಿಂದ 52ಕ್ಕೆ ಏರಿದರೆ ಶೇ 30 ಏರಿಕೆ. ಅದನ್ನು 30 ಸೆಕೆಂಡಿನಿಂದ ಭಾಗಿಸಿದರೆ 1. ಕಟ್ಟಿದ ಕಡೆ 40ರಿಂದ ಬರೀ 44ಕ್ಕೆ ಹೋದರೆ 0.33. ಸಾಮಾನ್ಯವಾಗಿ 0.69ಕ್ಕಿಂತ ಕಡಿಮೆ ಬಂದರೆ ಆ ಬದಿಯ ಮೀಸಲು ಶಕ್ತಿ ಕುಗ್ಗಿದೆ ಎಂದು ನೋಡುತ್ತಾರೆ. ಎರಡು ಮೂರು ನಿಮಿಷ ವಿಶ್ರಾಂತಿ ಕೊಟ್ಟು ಮತ್ತೊಮ್ಮೆ ಮಾಡುತ್ತೇನೆ. ಎರಡೂ ಸಲ ಹತ್ತಿರ ಹತ್ತಿರ ಬಂದರೆ ಮಾತ್ರ ನನಗೆ ಸಮಾಧಾನ.

ಕೆಲವರಿಗೆ ತಲೆಗೆ ಪಟ್ಟಿ ಕಟ್ಟಿ ಒಂದು ಗಂಟೆ ಸುಮ್ಮನೆ ಕೇಳುವುದೂ ಇದೆ. ಕುತ್ತಿಗೆಯ ಕಟ್ಟಿನಿಂದ ಚೂರು ಕಳಚಿ ಮೇಲೆ ಹೋದರೆ, ಹಕ್ಕಿ ಚಿಲಿಪಿಲಿ ಅಂದಂತೆ ಒಂದು ಕ್ಷಣದ ಸದ್ದು ಕೇಳುತ್ತದೆ. 2010ರಲ್ಲಿ ಪ್ರಕಟವಾದ ಏಸಸ್ (ACES) ಎಂಬ ಅಧ್ಯಯನದಲ್ಲಿ, ಕ್ಯಾರೊಟಿಡ್ ಕಟ್ಟಿದ್ದರೂ ಲಕ್ಷಣವಿಲ್ಲದ 467 ಜನರಲ್ಲಿ 77 ಮಂದಿಗೆ ಇಂಥ ಸದ್ದು ಸಿಕ್ಕಿತ್ತು. ಅವರಲ್ಲಿ ಮುಂದಿನ ಎರಡು ವರ್ಷ ಪಾರ್ಶ್ವವಾಯುವಿನ ಅಪಾಯ ಜಾಸ್ತಿ ಇತ್ತು. ರೋಗಿಗೆ ಏನೂ ಅನಿಸದಿದ್ದರೂ ಈ ಸದ್ದು ಕೇಳಿದರೆ ರಿಪೋರ್ಟ್ ಬರೆಯುವವರೆಗೂ ಕಾಯುವುದಿಲ್ಲ. ಡಾಕ್ಟರಿಗೆ ಆಗಲೇ ಫೋನ್ ಮಾಡುತ್ತೇನೆ.

ಕೆಲವರ ಬುರುಡೆಯ ಮೂಳೆ ದಪ್ಪ, ಅಲ್ಟ್ರಾಸೌಂಡೇ ಒಳಗೆ ಹೋಗುವುದಿಲ್ಲ. ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಅಂಥ ಕಡೆ 'ಹರಿವು ಕಡಿಮೆ' ಎಂದು ಬರೆಯಲೇಬಾರದು. 'ಕಿಟಕಿ ಸಿಗಲಿಲ್ಲ' ಎಂದು ಬರೆದು, ಬೇರೆ ಪರೀಕ್ಷೆ ಕೇಳಬೇಕು. ಸಿಕ್ಕವರ ರಿಪೋರ್ಟಿನಲ್ಲಿ ಎರಡೂ ಬದಿಯ ಆಳ, ಮೊದಲಿನ ವೇಗ, ಕೊನೆಯ ವೇಗ, ಉಸಿರು ನಿಲ್ಲಿಸಿದ ಸೆಕೆಂಡು, ಆಗಿನ ಬಿಪಿ ಎಲ್ಲ ಬರೆಯುತ್ತೇನೆ. ಆರು ತಿಂಗಳ ನಂತರ ಬೇರೆ ಯಾರೋ ನೋಡಿದರೂ ಅದೇ ಆಳಕ್ಕೆ ಹೋಗಿ ಹೋಲಿಸಬಹುದು, ಅಲ್ವಾ?