ಮುಂದಿನ ಸಾಕೆಟ್‌ಗೆ ಒಂದೇ ಹಲ್ಲು ಜಾಸ್ತಿ: ಹೈವೇಯಲ್ಲಿ ಇಂಜಿನ್ ಚೀರಾಟ ತಗ್ಗಿಸುವುದು ಹೇಗೆ

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಬೈಕಿನಲ್ಲಿ ಓಡಾಡುವವರಿಗೆ ಈ ಕಾಟ ಗೊತ್ತು. ಟಾಪ್ ಗೇರ್‌ನಲ್ಲಿ 80 ದಾಟುತ್ತಿದ್ದ ಹಾಗೆ ಇಂಜಿನ್ ಚೀರುತ್ತದೆ, ಹ್ಯಾಂಡಲ್ ಹಿಡಿದ ಕೈ ಜುಮ್ ಅನ್ನುತ್ತದೆ, ಇನ್ನೊಂದು ಗೇರ್ ಇದೆಯೇನೋ ಅಂತ ಕಾಲು ತಾನಾಗಿಯೇ ಹುಡುಕುತ್ತದೆ. ಇದಕ್ಕೆ ಮದ್ದು ಇಂಜಿನ್ ಕಡೆಯ ಚಿಕ್ಕ ಸ್ಪ್ರಾಕೆಟ್, ಅಂದರೆ ಚೈನ್ ಓಡಿಸುವ ಹಲ್ಲಿನ ಚಕ್ರ, ಬದಲಿಸುವುದು. ನಮ್ಮ ಕಡೆ ಅಂಗಡಿಯಲ್ಲಿ ಚೈನ್ ಸಾಕೆಟ್ ಅಂದರೇನೇ ಕೊಡುತ್ತಾರೆ, ಹಾಗಾಗಿ ನಾನೂ ಸಾಕೆಟ್ ಅಂತಲೇ ಬರೆಯುತ್ತೇನೆ.

ಮೊದಲು ಲೆಕ್ಕ. ಹಿಂದಿನ ಹಲ್ಲುಗಳನ್ನು ಮುಂದಿನ ಹಲ್ಲುಗಳಿಂದ ಭಾಗಿಸಿ. ನನ್ನ ಗಾಡಿಯಲ್ಲಿ ಹಿಂದೆ 42, ಮುಂದೆ 14, ಅಂದರೆ 3. ಮುಂದೆ 15 ಹಾಕಿದರೆ 2.8. ಮೊದಲು 6000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬೇಕಿದ್ದ ಅದೇ ವೇಗಕ್ಕೆ ಈಗ 5600 ಸಾಕು. ಹಿಂದಿನ ಸಾಕೆಟ್‌ನಲ್ಲಿ ಇದೇ ಪರಿಣಾಮ ಬೇಕಾದರೆ ಸುಮಾರು ಮೂರು ಹಲ್ಲು ಕಡಿಮೆ ಮಾಡಬೇಕು, ಚಕ್ರ ಬಿಚ್ಚಬೇಕು, ಖರ್ಚೂ ಜಾಸ್ತಿ. ಅದಕ್ಕೇ ಮುಂದಿನದನ್ನೇ ಮುಟ್ಟಿ.

ಆದರೆ ಒಂದೇ ಹಲ್ಲು. ನಾನು ಆಸೆಗೆ ಬಿದ್ದು ಮೊದಲ ಸಲ 16 ಹಾಕಿಸಿದ್ದೆ. ರಿಂಗ್ ರೋಡ್ ದಾಟಿ ಬಯಲು ರಸ್ತೆಗೆ ಬಂದಾಗ ಗಾಡಿ ಬೆಣ್ಣೆ ಹಾಗೆ ಓಡಿತು. ಕಮಲಾಪುರದ ಹತ್ತಿರ ಏರು ಬಂತು ನೋಡಿ, ಹಿಂದೆ ಮನೆಯವರು, ಟ್ಯಾಂಕ್ ಮೇಲೆ ತೊಗರಿಬೇಳೆ ಚೀಲ, ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಇಳಿಸಿದರೂ ಇಂಜಿನ್ ಗುದ್ದಿ ಗುದ್ದಿ ಎಳೆಯಿತು. ಆ ಗುದ್ದಾಟ ಇಂಜಿನ್‌ಗೆ ಚೀರಾಟಕ್ಕಿಂತ ಕೆಟ್ಟದ್ದು. ವಾಪಸ್ ಬಂದು 15 ಹಾಕಿದೆ. ದಿನವಿಡೀ ಕಲಬುರಗಿಯ ಗಂಜ್ ಮತ್ತು ಸೂಪರ್ ಮಾರ್ಕೆಟ್ ಗದ್ದಲದಲ್ಲೇ ಓಡಿಸುವವರು, ಚೀಲ ಹೇರುವವರು ಇದಕ್ಕೆ ಕೈ ಹಾಕಲೇಬೇಡಿ. ಒಂದನೇ ಗೇರ್ ಭಾರವಾಗುತ್ತದೆ, ಹೊರಡುವಾಗ ಅರ್ಧ ಕ್ಲಚ್ ಹಿಡಿಯುವುದು ಜಾಸ್ತಿಯಾಗಿ ಪ್ಲೇಟ್ ಬೇಗ ಸವೆಯುತ್ತವೆ.

ಅಂಗಡಿಗೆ ಹಳೆಯ ಸಾಕೆಟ್ ತೆಗೆದುಕೊಂಡೇ ಹೋಗಿ. ಇಂಜಿನ್ ಶಾಫ್ಟ್ ಮೇಲೆ ಕೂರುವ ಒಳಗಿನ ಗೀರು ಕೂಡಬೇಕು, ಚೈನ್ ಸೈಜ್ ಕೂಡಬೇಕು, 428 ಚೈನ್‌ಗೆ 520ರ ಸಾಕೆಟ್ ನಡೆಯುವುದಿಲ್ಲ. ಅದಕ್ಕೂ ಮುಂಚೆ, ಹಿಂದಿನ ಸಾಕೆಟ್‌ನ ತೀರಾ ಹಿಂಬದಿಯಲ್ಲಿ ಚೈನನ್ನು ಬೆರಳಿಂದ ಎಳೆದು ನೋಡಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಮುಗಿದಿದೆ ಅಂತ ಅರ್ಥ. ಆಗ ಪೂರ್ತಿ ಸೆಟ್ಟೇ ಬದಲಿಸಿ, ಸವೆದ ಚೈನ್ ಹೊಸ ಹಲ್ಲನ್ನೂ ತಿಂದು ಹಾಕುತ್ತದೆ.

ಈಗ ಕೆಲಸ. ಇಂಜಿನ್ ತಣ್ಣಗಿರಲಿ, ಗಾಡಿ ಡಬಲ್ ಸ್ಟ್ಯಾಂಡ್ ಮೇಲಿರಲಿ. ಮುಂದಿನ ಸಾಕೆಟ್‌ನ ಕವರ್ ಬಿಚ್ಚಿದರೆ ನಮ್ಮ ಕರಿಮಣ್ಣು ಗ್ರೀಸ್ ಜೊತೆ ಕಲೆತು ಹದವಾದ ಅಂಟಿನ ಹಾಗೆ ಕೂತಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಹಳೆ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಸಾಕೆಟ್‌ನ ಯಾವ ಮುಖ ಹೊರಗಿದೆ ಅಂತ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಚಿಕ್ಕ ಗಾಡಿಗಳಲ್ಲಿ ಹೆಚ್ಚಾಗಿ ಎರಡು ಬೋಲ್ಟ್, ಒಂದು ಲಾಕ್ ಪ್ಲೇಟ್ ಇರುತ್ತವೆ, ದೊಡ್ಡವುಗಳಲ್ಲಿ ಒಂದೇ ದಪ್ಪ ನಟ್. ಅವನ್ನು ಚೈನ್ ಮೇಲಿರುವಾಗಲೇ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿದಿರುವಾಗಲೇ ಸಡಿಲ ಮಾಡಿ. ಚೈನ್ ತೆಗೆದ ಮೇಲೆ ಮಾಡಲು ಹೋದರೆ ಶಾಫ್ಟ್ ಸುಮ್ನೆ ತಿರುಗುತ್ತದೆ.

ಆಮೇಲೆ ಹಿಂದಿನ ಚಕ್ರದ ಆಕ್ಸಲ್ ನಟ್ ಸಡಿಲಿಸಿ, ಚೈನ್ ಬಿಗಿ ಮಾಡುವ ಎರಡೂ ಬದಿಯ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಚಕ್ರವನ್ನು ಮುಂದಕ್ಕೆ ತಳ್ಳಿ, ಚೈನ್ ಇಳಿಸಿ. ಹಳೆಯದು ಎಳೆದು ಹೊಸದು ಕೂರಿಸಿ. ಒಂದು ಹಲ್ಲಿಗೆ 428 ಚೈನ್‌ನಲ್ಲಿ ಚಕ್ರ ಬರೀ 3 ಮಿಲಿಮೀಟರ್ ಮುಂದೆ ಬರುತ್ತದೆ, ಹಾಗಾಗಿ ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇದ್ದರೆ ಉದ್ದದ ಚೈನ್ ಬೇಡ. ಚೈನ್ ಏರಿಸಿ, ಸಾಕೆಟ್‌ನ ಬೋಲ್ಟ್ ಬಿಗಿ ಮಾಡಿ, ಕವರ್ ಹಾಕುವ ಮುಂಚೆ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ, ಚೈನ್ ಎಲ್ಲಾದರೂ ಇಂಜಿನ್ ಕೇಸಿಗೆ ಉಜ್ಜುತ್ತದಾ ನೋಡಿ. ಕವರ್ ಹಾಕಿದ ಮೇಲೆ ಇನ್ನೊಂದು ಸಲ ತಿರುಗಿಸಿ. ಉಜ್ಜಿದರೆ ಆ ಗಾಡಿಗೆ ಆ ಸೈಜ್ ಆಗುವುದಿಲ್ಲ, ಕವರ್ ಕೊರೆದು ಕೂರಿಸಬೇಡಿ.

ಚೈನ್ ಜೋಲು ಎಷ್ಟಿರಬೇಕು ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲಿಯ ಅಳತೆ ಹಿಡಿಯಿರಿ. ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೀಟಿಗೆ ಇರಲಿ, ಇಲ್ಲವಾದರೆ ಚಕ್ರ ಸೊಟ್ಟ ಓಡುತ್ತದೆ. ಆಮೇಲೆ ಆಕ್ಸಲ್ ನಟ್ ಬಿಗಿ ಮಾಡಿ. ಚೈನ್ ಲಾಕ್, ಅಂದರೆ ಚೈನ್‌ನ ಎರಡು ತುದಿ ಕೂಡಿಸುವ ಕೊಂಡಿ, ಬಿಚ್ಚಿದ್ದರೆ ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಇದನ್ನು ಮರೆಯಬೇಡಿ: ಚಕ್ರ ಮುಂದೆ ಬಂದಿರುವುದರಿಂದ ಬ್ರೇಕ್ ರಾಡ್ ಸಡಿಲವಾಗಿರುತ್ತದೆ. ಅದರ ನಟ್ ಬಿಗಿ ಮಾಡಿ, ಪೆಡಲ್ ಒತ್ತಿ ನೋಡಿಯೇ ರಸ್ತೆಗಿಳಿಯಿರಿ.

ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರುತ್ತಿದ್ದರೆ ಏನೂ ವ್ಯತ್ಯಾಸವಿಲ್ಲ. ಗೇರ್‌ಬಾಕ್ಸ್ ಕಡೆ ಸೆನ್ಸರ್ ಇದ್ದರೆ ಮಾತ್ರ ಮೀಟರ್ ಮೊದಲಿಗಿಂತ ಕಡಿಮೆ ತೋರಿಸುತ್ತದೆ. ಮೈಲೇಜ್ ವಿಷಯಕ್ಕೆ ಬಂದರೆ, ಬಯಲಿನಲ್ಲಿ ಒಂದೇ ವೇಗದಲ್ಲಿ ಹೋದರೆ ಸ್ವಲ್ಪ ಸಿಗಬಹುದು, ಎದುರುಗಾಳಿಯಲ್ಲಿ ಆಕ್ಸಿಲೇಟರ್ ತಿರುಚಿ ಹಿಡಿದರೆ ಅದೂ ಹೋಯಿತು. 40ರ ಆಸುಪಾಸಿನಲ್ಲಿ ಟಾಪ್ ಗೇರ್ ಹಾಕುವ ರೂಢಿ ಇದ್ದರೆ ಬಿಡಿ, ಇನ್ಮೇಲೆ ಒಂದು ಗೇರ್ ಕೆಳಗೇ ಇರಲಿ. 100 ಕಿಲೋಮೀಟರ್ ಓಡಿದ ಮೇಲೆ ಮುಂದಿನ ಸಾಕೆಟ್‌ನ ಬೋಲ್ಟ್‌ಗಳಿಗೆ ಮತ್ತೊಮ್ಮೆ ಪಾನಾ ಹಾಕಿ ನೋಡಿ, ಚೈನ್ ಜೋಲನ್ನೂ ಅಳೆಯಿರಿ.