ಹಾಲಿನ ಕವರಿನಿಂದ ಶುರುಮಾಡಿ

ಹಾಲಿನ ಕವರು ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರ್ಪಡಿಸಬೇಡಿ, ಕವರಿಗೇ ಅಂಟಿಕೊಂಡಿರಲಿ. ಉದುರಿದ ಚೂರು ಆಯುವವರ ಕೈಗೆ ಸಿಗದೆ ಮೋರಿ ಸೇರುತ್ತದೆ. ಹಾಲು ಬಗ್ಗಿಸಿದ ಮೇಲೆ ನಾನು ಕವರಿಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಸುರಿಯುತ್ತೇನೆ. ಕವರನ್ನು ಬಟ್ಟೆಯ ಕ್ಲಿಪ್ಪು ಹಾಕಿ ಕಿಟಕಿಯ ಸರಳಿಗೆ ತೂಗುಹಾಕುತ್ತೇನೆ. ಒಣಗಿದ ಕವರಿಗೆ ಗುಜರಿಯಲ್ಲಿ ಬೆಲೆಯುಂಟು. ಸಾರು ಮೆತ್ತಿಕೊಂಡದ್ದನ್ನು ಯಾರೂ ಮುಟ್ಟುವುದಿಲ್ಲ.

ಈ ಕಟ್ಟುನಿಟ್ಟು ನನಗೆ ಬಂದದ್ದು ಮಂಡೂರಿನಲ್ಲಿರುವ ಚಿಕ್ಕಮ್ಮನ ಮನೆಯಿಂದ. ಬೆಂಗಳೂರಿನ ಕಸ ವರ್ಷಗಟ್ಟಲೆ ಆ ಊರಿನಲ್ಲಿ ಬಂದು ಬಿದ್ದಿತು. ಊರಿನವರು ಬೀದಿಗಿಳಿದ ಮೇಲೆ, 2014ರ ಕೊನೆಗೆ ಲಾರಿಗಳು ನಿಂತವು. ಅಲ್ಲಿ ಊಟಕ್ಕೆ ಕುಳಿತರೆ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ನೊಣ ಓಡಿಸುವ ಬೀಸಣಿಗೆ. ಆ ಗುಡ್ಡೆಯಲ್ಲಿ ನಮ್ಮ ಮನೆಯ ಕಸವೂ ಇದ್ದಿರಬೇಕು ಎಂಬ ಯೋಚನೆ ಬಂದ ದಿನ ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020-21ರ ವರದಿಯ ಪ್ರಕಾರ ದೇಶದಲ್ಲಿ ದಿನಕ್ಕೆ ಸುಮಾರು 1.6 ಲಕ್ಷ ಟನ್ ಘನತ್ಯಾಜ್ಯ ಹುಟ್ಟುತ್ತಿತ್ತು. ಸಂಸ್ಕರಣೆಯಾದದ್ದು ಅರ್ಧ, ಭೂಭರ್ತಿಗೆ, ಅಂದರೆ ಕಸ ಹೂಳುವ ಜಾಗಕ್ಕೆ, ಹೋದದ್ದು ಶೇ. 18ರಷ್ಟು. ಉಳಿದ ಮೂರನೇ ಒಂದು ಪಾಲಿನಷ್ಟು ಎಲ್ಲಿ ಹೋಯಿತೆಂಬುದಕ್ಕೆ ಲೆಕ್ಕವೇ ಇಲ್ಲ. ಖಾಲಿ ನಿವೇಶನ, ಕೆರೆಯಂಚು, ರಸ್ತೆ ಬದಿ ನೋಡಿದರೆ ಉತ್ತರ ಕಾಣುತ್ತದೆ.

ಮನೆಯ ಕಸದಲ್ಲಿ ಹೆಚ್ಚು ತೂಕ ಹಸಿ ಕಸದ್ದೇ. ಅದನ್ನು ಹೊಸ್ತಿಲು ದಾಟಿಸದಿದ್ದರೆ ಅರ್ಧ ಕೆಲಸ ಮುಗಿಯಿತು. ತಳದಲ್ಲಿ ತೂತಿರುವ ದೊಡ್ಡ ಮಣ್ಣಿನ ಮಡಕೆ ತನ್ನಿ, ಕೆಳಗೊಂದು ತಟ್ಟೆ ಇಡಿ. ತಳಕ್ಕೆ ತೆಂಗಿನ ನಾರು ಹರಡಿ. ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವು ಹಾಕಿ, ಮೊದಲ ಸಲ ಒಂದು ಸೌಟು ಹುಳಿ ಮಜ್ಜಿಗೆ ಚಿಮುಕಿಸಿ. ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಒಣ ಎಲೆ, ಈ ಅಳತೆ ತಪ್ಪಬಾರದು. ಹೊಂಗೆ ಎಲೆ ಉದುರುವ ಕಾಲದಲ್ಲಿ ನಾನು ಗುಡಿಸಿ ಎರಡು ಗೋಣಿಚೀಲ ತುಂಬಿಟ್ಟುಕೊಳ್ಳುತ್ತೇನೆ. ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಬಾರದು, ಉಂಡೆ ಕಟ್ಟುವಷ್ಟು ಪಸೆ ಸಾಕು. ನಾತ ಬಂದರೆ ನೀರು ಹೆಚ್ಚಾಗಿದೆ ಎಂದೇ ತಿಳಿಯಿರಿ. ಎಲೆ ಸೇರಿಸಿ, ಗಾಳಿಯಾಡಿಸಿ. ಬಿಳಿ ಹುಳು ಕಂಡರೂ ಚೆಲ್ಲಬೇಡಿ, ಅವು ಗಿಡಕ್ಕೇನೂ ಮಾಡುವುದಿಲ್ಲ. ಮಡಕೆ ತುಂಬಿದ ಮೇಲೆ ಮುಚ್ಚಿ ಪಕ್ಕಕ್ಕಿಟ್ಟು ಇನ್ನೊಂದನ್ನು ಶುರುಮಾಡಿ. ಒಂದೂವರೆ ಎರಡು ತಿಂಗಳಲ್ಲಿ ಕಪ್ಪು ಗೊಬ್ಬರ, ಮೊದಲ ಮಳೆಯ ಮಣ್ಣಿನ ವಾಸನೆ. ಮಾವಿನ ವಾಟೆ, ತೆಂಗಿನ ಚಿಪ್ಪು ಮಾತ್ರ ಬೇಡ.

ಉಳಿದದ್ದಕ್ಕೆ ಹೈಕೋರ್ಟ್ 2015ರಲ್ಲಿ ಬೆಂಗಳೂರಿಗೆ ಹೇಳಿದ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯೇ ಸಾಕು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡು, ಡಯಾಪರಿನಂಥವು, ಚೀಲಕ್ಕೆ ಒಣ ಕಸ.

ಕೆಂಪು ಬುಟ್ಟಿಯ ವಿಷಯದಲ್ಲಿ ದಯವಿಟ್ಟು ಅಸಡ್ಡೆ ಬೇಡ. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕನ ಅಂಗೈಯಲ್ಲಿ ಬ್ಲೇಡು ಕೊಯ್ದ ಉದ್ದನೆಯ ಗೀರಿದೆ. ಪ್ಯಾಡನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಬ್ಲೇಡು, ಒಡೆದ ಗಾಜನ್ನು ದಪ್ಪ ರಟ್ಟಿನಲ್ಲಿ ಕಟ್ಟಿ, ಮೇಲೆ ದೊಡ್ಡದಾಗಿ 'ಗಾಜು' ಎಂದು ಬರೆಯಿರಿ. ಗೇಟಿನ ಬಳಿ ಇಟ್ಟು ಒಳಗೆ ಬರಬೇಡಿ. ಆಟೊ ಬರುವವರೆಗೆ ನಿಂತು, "ಅಕ್ಕಾ, ಇದರಲ್ಲಿ ಗಾಜಿದೆ" ಎಂದು ಹೇಳಿಯೇ ಕೈಗೆ ಕೊಡಿ.